ಸ್ಟ್ರೇನ್ ಎಕೋ ವರದಿಯಲ್ಲಿ ಅಂಕಿಯೊಂದೇ ಇದ್ದರೆ ಸಾಲದು

ಮಾನ್ಯ ಸಂಪಾದಕರೇ,

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯೋ ಇಲ್ಲವೋ ಎಂಬುದು ‘ಸ್ಟ್ರೇನ್ ಎಕೋ’ (ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆಂದು ಅಳೆಯುವ ಅಲ್ಟ್ರಾಸೌಂಡ್ ಪರೀಕ್ಷೆ) ಒಂದರಿಂದಲೇ ಗೊತ್ತಾಗುತ್ತದೆ ಎಂದು ನಂಬಿ ಬರುವವರನ್ನು, ಎಕೋ ಕೊಠಡಿಯಲ್ಲೇ ದಿನ ಕಳೆಯುವ ತಂತ್ರಜ್ಞನಾದ ನಾನು ಆಗಾಗ ಕಾಣುತ್ತೇನೆ. ಪರೀಕ್ಷೆ ಒಳ್ಳೆಯದೇ, ನಂಬಿಕೆ ಮಾತ್ರ ಅತಿಯಾಯಿತು.

ಸಾಮಾನ್ಯ ಎಕೋದಲ್ಲಿ ಸಿಗುವ ಇ.ಎಫ್., ಎಡ ಹೃತ್ಕುಕ್ಷಿಯು ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ. ಬ್ಲಾಕ್ ಇದ್ದರೂ ಹೃದಯಾಘಾತವಾಗಿರದವರಲ್ಲಿ ಅದು ಶೇ 60 ಎಂದೇ ಬರುವುದುಂಟು. ರಕ್ತಪೂರೈಕೆ ತಗ್ಗಿದಾಗ ಮೊದಲು ಬಳಲುವುದು ಉದ್ದುದ್ದಕ್ಕೆ ಸಾಗುವ ಒಳಪದರದ ಸ್ನಾಯು ಎಳೆಗಳು. ಎಡಮಗ್ಗುಲಿಗೆ ಮಲಗಿ ರೋಗಿ ಉಸಿರು ಬಿಗಿಹಿಡಿದ ಆ ಕೆಲವು ಕ್ಷಣಗಳ ಚಿತ್ರದಲ್ಲಿ ಬೂದು ಚುಕ್ಕೆಗಳ ಜಾಡು ಹಿಡಿದು, ಎಳೆಗಳು ಎಷ್ಟು ಕುಗ್ಗಿದವೆಂದು ಯಂತ್ರ ಅಳೆಯುತ್ತದೆ. ಇದೇ ಸ್ಟ್ರೇನ್ ಅಂಕಿ. ಆರೋಗ್ಯವಂತರಲ್ಲಿ ಅದು ಮೈನಸ್ ಶೇ 20ರ ಆಸುಪಾಸು. (ಮೈನಸ್ ಎಂದರೆ ಕುಗ್ಗುವಿಕೆಯ ಗುರುತಷ್ಟೇ, ಅದನ್ನು ಕಂಡು ಗಾಬರಿಯಾದವರೂ ಇದ್ದಾರೆ.) ಚೆನ್ನಾಗಿ ಕುಗ್ಗುವ ಭಾಗಗಳನ್ನು ಕೆಂಪಾಗಿ ತೋರಿಸುವ, ಎಡ ಹೃತ್ಕುಕ್ಷಿಯ 17 ಭಾಗಗಳ ವೃತ್ತಾಕಾರದ ನಕ್ಷೆಯಲ್ಲಿ ಒಂದೇ ರಕ್ತನಾಳದ ವ್ಯಾಪ್ತಿಯ ಭಾಗಗಳು ಮಾತ್ರ ಕೆಂಪು ಕಳೆದುಕೊಂಡು ಪೇಲವವಾಗಿದ್ದರೆ, ಅಥವಾ ಮಹಾಪಧಮನಿಯ ಕವಾಟ ಮುಚ್ಚಿದ ಮೇಲೂ (ಅಂದರೆ ರಕ್ತ ಹೊರದೂಡುವ ಕೆಲಸ ಮುಗಿದ ಮೇಲೂ) ಅವು ಕುಗ್ಗುತ್ತಲೇ ಇದ್ದರೆ, ಅನುಮಾನಕ್ಕೆ ಬಲ ಬರುತ್ತದೆ.

ಆದರೆ ಅದು ಅನುಮಾನ ಮಾತ್ರ. ಹಳೆಯ ಬಿ.ಪಿ., ಸಕ್ಕರೆ ಕಾಯಿಲೆ, ಕ್ಯಾನ್ಸರಿನ ಕೆಲವು ಔಷಧಿಗಳು ಕೂಡ ಈ ಅಂಕಿಯನ್ನು ತಗ್ಗಿಸುತ್ತವೆ. ಇನ್ನೊಂದೆಡೆ, ವಿಶ್ರಾಂತಿಯಲ್ಲಿ ರಕ್ತ ಸಾಕಷ್ಟು ಹರಿಯುವುದರಿಂದ, ಗಣನೀಯ ಬ್ಲಾಕ್ ಇದ್ದವರ ನಕ್ಷೆಯೂ ಪೂರ್ತಿ ಕೆಂಪಾಗಿರಬಹುದು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವವರು ಅಂಥ ನಕ್ಷೆಯನ್ನು ನಂಬಿ ಸುಮ್ಮನಿರಬಾರದು. ಸ್ಟ್ರೆಸ್ ಎಕೋ (ಹೃದಯಕ್ಕೆ ಶ್ರಮ ಕೊಟ್ಟು ಮಾಡುವ ಎಕೋ) ಬೇಕೋ, ಸಿ.ಟಿ. ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು.

ನನ್ನ ಸೋದರಮಾವನಿಗೆ ಒಂದು ಕಡೆ ಮೈನಸ್ 19 ಬಂತು, ತಿಂಗಳೊಳಗೆ ಇನ್ನೊಂದು ಕಡೆ ಮೈನಸ್ 17. ಹೃದಯ ಸೋಲುತ್ತಿದೆ ಎಂದೇ ತಿಳಿದು ಅವರು ವಾರವಿಡೀ ನಿದ್ದೆಗೆಟ್ಟರು. ಎರಡು ಕಡೆಯ ಯಂತ್ರಗಳು ಬೇರೆ ಬೇರೆ ಕಂಪನಿಯವು, ತಂತ್ರಾಂಶಗಳೂ ಬೇರೆ. ಅಷ್ಟು ವ್ಯತ್ಯಾಸ ಅದರಿಂದಲೇ ಬರಬಹುದು. ಆದರೆ ಎರಡೂ ವರದಿಗಳಲ್ಲಿ ಆ ವಿವರದ ಸುಳಿವೇ ಇರಲಿಲ್ಲ.

ಆದ್ದರಿಂದ ಯಂತ್ರ ಮತ್ತು ತಂತ್ರಾಂಶದ ಹೆಸರು, ಪರೀಕ್ಷೆಯ ಹೊತ್ತಿನ ಬಿ.ಪಿ., ಚಿತ್ರದ ಗುಣಮಟ್ಟ, ಸರಿಯಾಗಿ ಅಳೆಯಲಾಗದೆ ಬಿಟ್ಟ ಭಾಗಗಳು, ಇವಿಷ್ಟನ್ನೂ ಸ್ಟ್ರೇನ್ ಅಂಕಿಯ ಜೊತೆಗೇ ಮುದ್ರಿಸಬೇಕೆಂದು ಎಕೋ ಕೇಂದ್ರಗಳನ್ನು ಕೋರುತ್ತೇನೆ. ವರದಿಯ ಹಾಳೆಯಲ್ಲಿ ನಾಲ್ಕು ಸಾಲಿಗೆ ಬೇಕಾದಷ್ಟು ಜಾಗವಿದೆ.

– ಎಕೋ ತಂತ್ರಜ್ಞ, ದಾವಣಗೆರೆ