ಮಕ್ಕಳ ಸಹಿಯೊಂದೇ ಸಾಲದು

ಮಾನ್ಯರೆ,

ಡಿಮೆನ್ಶಿಯಾ (ನೆನಪು, ವಿವೇಚನೆ ಕುಂದುವ ಕಾಯಿಲೆ) ಇರುವ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ ಸಾಮಾನ್ಯವಾಗಿ ಕೇಳುವುದು ಆಧಾರ್ ಪ್ರತಿ, ಮುಂಗಡ ಹಣ, ಅರ್ಜಿಯ ಕೊನೆಗೆ ಮಗನದೋ ಮಗಳದೋ ಸಹಿ. ಅಲ್ಲಿಂದಾಚೆಗೆ ಗೇಟಿಗೆ ಬೀಗ. ‘ಮನೆಗೆ ಹೋಗ್ತೀನಿ’ ಎಂದು ಅವರು ಹಟ ಹಿಡಿದರೆ ಅದೂ ಕಾಯಿಲೆಯ ಲೆಕ್ಕಕ್ಕೆ. ಹೆತ್ತವರನ್ನು ಹೀಗೆ ಕೂಡಿಡುವ ಅಧಿಕಾರವನ್ನು ಮಕ್ಕಳ ಬರೀ ಸಹಿಗೆ ಯಾವ ಕಾನೂನೂ ಕೊಟ್ಟಿಲ್ಲ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ವ್ಯಾಖ್ಯೆಯಲ್ಲಿ ನೆನಪಿನ ಗಂಭೀರ ತೊಂದರೆಯೂ ಸೇರಿದೆ. ಆದ್ದರಿಂದ ಇಂಥವರನ್ನು ಒಳಗಿಟ್ಟುಕೊಳ್ಳುವ ಕೇಂದ್ರಗಳು ಈ ಕಾಯ್ದೆಯಡಿ ನೋಂದಣಿಯಾಗಬೇಕು ಎಂಬುದು ನಮ್ಮ ವಾದ. ‘ನಮ್ಮದು ವೃದ್ಧಾಶ್ರಮ, ಆಸ್ಪತ್ರೆಯಲ್ಲ’ ಎಂಬ ಉತ್ತರ ಇಲ್ಲಿ ನಿಲ್ಲದು.

ಸ್ವತಃ ನಿರ್ಧರಿಸಲಾಗದವರನ್ನು ದಾಖಲಿಸಲು ಈ ಕಾಯ್ದೆಯ ಕಲಂ 89 ಕೇಳುವುದು ಇಷ್ಟು: ನಾಮನಿರ್ದೇಶಿತ ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲುವವರ) ಅರ್ಜಿ; ದಾಖಲಾಗುವ ದಿನ ಅಥವಾ ಹಿಂದಿನ 7 ದಿನಗಳಲ್ಲಿ ಇಬ್ಬರ ಪ್ರತ್ಯೇಕ ಪರೀಕ್ಷೆ, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರಾಗಿರಬೇಕು. ಮಹಿಳೆಯಾದರೆ 3 ದಿನ, ಪುರುಷರಾದರೆ 7 ದಿನದೊಳಗೆ ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಇಷ್ಟಾದರೂ ಅವಧಿ 30 ದಿನ ಮಾತ್ರ. ಮುಂದುವರಿಸಲು ಇಬ್ಬರು ಮನೋವೈದ್ಯರ ಅಭಿಪ್ರಾಯ, ಮಂಡಳಿಯ ಅನುಮತಿ ಬೇಕು. ಅದೂ ಮೊದಲು 90, ನಂತರ 120, ಆಮೇಲೆ 180 ದಿನಗಳ ಕಂತಿನಲ್ಲಿ. ವರ್ಷಗಟ್ಟಲೆ ಒಳಗಿರುವವರ ಕಡತದಲ್ಲಿ ಈ ಪೈಕಿ ಒಂದು ಕಾಗದವಾದರೂ ಇದೆಯೇ ಎಂದು ಸಂಬಂಧಿಕರು ಕೇಳಿ ನೋಡಬೇಕು.

ಹೆಚ್ಚಾಗಿ ಎಡವುವುದು ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯದ ಪರೀಕ್ಷೆಯಲ್ಲಿ. ವಿಷಯ ತಿಳಿಯುತ್ತದೆಯೇ, ಪರಿಣಾಮದ ಅರಿವಿದೆಯೇ, ನಿರ್ಧಾರವನ್ನು ಮಾತಿನಲ್ಲೋ ಸನ್ನೆಯಲ್ಲೋ ಹೇಳಬಲ್ಲರೇ, ಕಾನೂನು ನೋಡುವುದು ಇದನ್ನು. ಇವತ್ತು ಯಾವ ವಾರ, ಪ್ರಧಾನಿ ಯಾರು ಎಂದು ಕೇಳಿ ಉತ್ತರ ಬಾರದಿದ್ದರೆ ‘ಸಾಮರ್ಥ್ಯವಿಲ್ಲ’ ಎಂದು ಬರೆದುಬಿಡುವುದು ತಪ್ಪು. ಅವರ ನಿರ್ಧಾರ ನಮಗೆ ಸರಿಕಾಣದು ಎಂಬುದೂ ಕಾರಣವಲ್ಲ. ಕಲಂ 4 ಇದನ್ನು ಬಿಡಿಸಿಯೇ ಹೇಳಿದೆ. ಡಿಮೆನ್ಶಿಯಾದಲ್ಲಿ ಸಂಜೆಯಾದಂತೆ ಗೊಂದಲ ಹೆಚ್ಚುವುದುಂಟು. ಹಾಗಾಗಿ ಬೆಳಿಗ್ಗೆ, ಕನ್ನಡಕ ಹಾಕಿಸಿ, ಕಿವಿಯ ಯಂತ್ರ ಇಡಿಸಿ, ಅವರ ಮನೆಮಾತಿನಲ್ಲಿ ಕೇಳಬೇಕು. ತುಳು ಬಿಟ್ಟರೆ ಬೇರೆ ಬಾರದ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಗೊತ್ತಾಗುವುದು ಅಜ್ಜಿಗೆ ಇಂಗ್ಲಿಷ್ ಬಾರದು ಎಂಬುದಷ್ಟೇ.

ಹಳೆ ಸೀರೆಯ ತುಂಡಿನಿಂದ ಮಣಿಕಟ್ಟನ್ನು ಮಂಚದ ಸರಳಿಗೆ ಕಟ್ಟುವುದೂ ದೈಹಿಕ ನಿರ್ಬಂಧವೇ. ಅದಕ್ಕೆ ಮನೋವೈದ್ಯರ ಅನುಮತಿ, ಕಾರಣದ ದಾಖಲೆ ಇರಬೇಕು. 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ರಾತ್ರಿ ಪಾಳಿಯಲ್ಲಿ ಆಯಾ ಒಬ್ಬರೇ ಎಂಬುದು ಕಾನೂನು ಒಪ್ಪುವ ಕಾರಣವಲ್ಲ.

ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರಪತ್ರ) ಬರೆಸಿಟ್ಟಿದ್ದೇವೆ ಎಂದು ನಿಶ್ಚಿಂತರಾದವರಿಗೂ ಒಂದು ಮಾತು. ಕರಾರು ಕಾಯ್ದೆಯ ಕಲಂ 201ರಂತೆ, ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ಬದಲಿಗೆ, ಕಾಯಿಲೆಯ ಆರಂಭದಲ್ಲೇ ತಮ್ಮ ಪ್ರತಿನಿಧಿ ಯಾರೆಂದು ಹಿರಿಯರೇ ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 14ಕ್ಕೆ ಅಷ್ಟು ಸಾಕು. ಆರೋಗ್ಯ ಇಲಾಖೆಯು ಪ್ರತಿ ಆರೈಕೆ ಕೇಂದ್ರದ ದಾಖಲಾತಿ ಅರ್ಜಿಗೆ ಈ ಹಾಳೆಯನ್ನೂ ಮಂಡಳಿಯ ವಿಳಾಸವನ್ನೂ ಉಚಿತ ಕಾನೂನು ನೆರವಿನ 15100 ಸಂಖ್ಯೆಯನ್ನೂ ಕಡ್ಡಾಯವಾಗಿ ಸೇರಿಸಲಿ.

– ಹಿರಿಯರ ಆರೈಕೆ ಮತ್ತು ಕಾನೂನು ನೆರವಿನ ಕಾರ್ಯಕರ್ತರು, ಮಂಗಳೂರು