ಟೈಲ್ಸ್ ಮುಚ್ಚುವ ಮೊದಲು ಒಮ್ಮೆ ಬಗ್ಗಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹಳೆ ಮನೆಯ ಬಚ್ಚಲಿಗೆ ಹೊಸದಾಗಿ ಬಾತ್‌ಟಬ್ ಹಾಕಿಸುವವರಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಅಪ್ಪನ ಬೆನ್ನುನೋವಿಗೆ ಹಿತವಾಗಲಿ ಅಂತ ನಾವೂ ಹಾಕಿಸಿದೆವು. ಪ್ಲಂಬರ್ ಟಬ್ಬಿನ ಪೈಪನ್ನು ಸೀದಾ ಹಳೆ ಲೈನಿಗೆ ಸೇರಿಸಿ, ಟೈಲ್ಸ್ ಮುಚ್ಚಿ ಹೊರಟುಬಿಟ್ಟರು. ಎರಡೇ ದಿನಕ್ಕೆ ಮನೆಯೆಲ್ಲ ಚರಂಡಿ ವಾಸನೆ! ಒಡೆಸಿ ನೋಡಿದರೆ ಟ್ರ್ಯಾಪೇ ಇಲ್ಲ. ಹಳೆ ಕಬ್ಬಿಣದ ಪೈಪಿಗೂ ಹೊಸ ಪಿವಿಸಿಗೂ ನಡುವೆ ಬರೀ ಎಂ-ಸೀಲ್ ಮೆತ್ತಿದ್ದರು, ಅದರ ಅಂಚಿನಲ್ಲಿ ಹನಿ ಹನಿ ನೀರು ಇಳಿದು ಕೆಳಗಿನ ಸಿಮೆಂಟ್ ಕಪ್ಪಗಾಗಿತ್ತು.

ಟ್ರ್ಯಾಪ್ ಅಂದರೆ ಬಾಗಿದ ಪೈಪು, ಅಷ್ಟೇ. ಅದರಲ್ಲಿ ಸದಾ ಸುಮಾರು 50 ಮಿ.ಮೀ. ನೀರು ನಿಂತಿರಬೇಕು, ವಾಸನೆ ತಡೆಯುವುದು ಆ ನೀರೇ. ಟಬ್ಬಿನ ನೀರು ಮೊದಲೇ ಇರುವ ನಹಾನಿ ಟ್ರ್ಯಾಪಿಗೆ (ಬಚ್ಚಲ ನೆಲದಲ್ಲಿರುವ ಟ್ರ್ಯಾಪ್) ಬೀಳುವಂತಿದ್ದರೆ ಇನ್ನೊಂದು ಬೇಡ, ಒಂದೇ ದಾರಿಯಲ್ಲಿ ಎರಡು ಟ್ರ್ಯಾಪ್ ಇದ್ದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರು ಗುಳುಗುಳು ಅಂತ ನಿಧಾನವಾಗುತ್ತದೆ. ಪೈಪಿಗೆ ಮೀಟರಿಗೆ 2 ಸೆಂ.ಮೀ.ನಷ್ಟು ಇಳಿಜಾರು ಇರಲಿ. ಕಬ್ಬಿಣಕ್ಕೆ ಪಿವಿಸಿ ಸೇರಿಸುವ ಕಡೆ ಕ್ಲಾಂಪ್ ಇರುವ ರಬ್ಬರ್ ಕಪ್ಲಿಂಗ್ ಹಾಕಿಸಿ.

ಮುಖ್ಯವಾಗಿ, ಟೈಲ್ಸ್ ಹಾಕುವ ಮೊದಲೇ ಟಬ್ ತುಂಬಿಸಿ, ಮೇಲಿನ ಓವರ್‌ಫ್ಲೋ ತೂತಿನಿಂದಲೂ ನೀರು ಹರಿಯಲಿ, ಆಮೇಲೆ ಬಿರಡೆ ತೆಗೆದು ಪ್ರತಿ ಜಾಯಿಂಟಿನ ಕೆಳಗೂ ಒಣ ಪೇಪರ್ ಇಟ್ಟು ನೋಡಿ. ಪಕ್ಕದಲ್ಲಿ ಕೈ ಹೋಗುವಷ್ಟು ಸಣ್ಣ ಬಾಗಿಲು ಬಿಡಿಸಿ. ಅದನ್ನು ಬಿಡಿಸಿದ್ದರೆ ನಾವು ಟೈಲ್ಸ್ ಒಡೆಸುವುದಾದರೂ ತಪ್ಪುತ್ತಿತ್ತು ಅಲ್ವಾ?

– ಒಬ್ಬ ಓದುಗ, ಮೈಸೂರು