ಕರೆಂಟಿನ ಲೆಕ್ಕ, ಕಾವ್ಯಾಗೆ

ಮಳವಳ್ಳಿ

ಚಿ. ಕಾವ್ಯಾಗೆ ನಿನ್ನ ಮಾವನ ಆಶೀರ್ವಾದಗಳು.

ಫೋನಿನಲ್ಲೇ ಹೇಳೋಣ ಅಂದುಕೊಂಡೆ. ಆದರೆ ನೀನು ಅರ್ಧಕ್ಕೇ 'ಸರಿ ಮಾವ, ಸರಿ ಮಾವ' ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಜಗಲಿ ಮೇಲೆ ಕೂತು ನೀನು ಹೇಳಿದ್ದು ಇನ್ನೂ ತಲೆ ಕೊರೆಯುತ್ತಿದೆ. ಜರ್ಮನಿಯ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು, ಗಾಳಿ, ಬಿಸಿಲಿನಂಥ ನವೀಕರಿಸಬಹುದಾದ ಮೂಲದ್ದು, ನಾರ್ವೆಯಲ್ಲಿ ನೂರಕ್ಕೆ 98, ನಾವಿನ್ನೂ ಕಲ್ಲಿದ್ದಲು ಸುಡುತ್ತಾ ಕೂತಿದ್ದೀವಿ, ಇಲ್ಲಿದ್ದು ಏನು ಮಾಡಲಿ, ಜರ್ಮನಿಗೆ ಓದಲು ಹೋಗುತ್ತೀನಿ ಅಂದೆ. ಅಂಕಿ ತಪ್ಪಲ್ಲ. ಜರ್ಮನಿ ಅರ್ಧ ದಾಟಿದ್ದು 2023ರಲ್ಲಿ. ಆದರೆ ನಾನು ಮೂವತ್ತೆರಡು ವರ್ಷ ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಂದು ಸಲ ಮೀಟರು ನೋಡಿ ಲಾಗ್‌ಬುಕ್ ಬರೆದವನು. ಅಂಕಿ ಕಂಡ ತಕ್ಷಣ ಬಾಯಿಗೆ ಬರುವುದು ಒಂದೇ ಪ್ರಶ್ನೆ. ಇದು ಯಾವುದರಲ್ಲಿ ಎಷ್ಟು?

ನಾರ್ವೆಯದು ಬಹುಪಾಲು ನೀರಿನ ಕರೆಂಟು. ಬೆಟ್ಟ ಇದೆ, ಮಳೆ ಇದೆ, ಜನ ಕಡಿಮೆ. ಡೆನ್ಮಾರ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯದು. ಗಾಳಿ ಬಿದ್ದುಹೋದ ದಿನ ಸಮುದ್ರದಡಿಯ ಕೇಬಲ್ಲಿನಲ್ಲಿ ನಾರ್ವೆಯ ಕರೆಂಟು ಬರುತ್ತದೆ, ಗಾಳಿ ಜೋರಾದ ದಿನ ಇವರದು ಅಲ್ಲಿಗೆ ಹೋಗುತ್ತದೆ. ಪಕ್ಕದ ಮನೆಯಲ್ಲಿ ದೊಡ್ಡ ಸಂಪು ಇದ್ದರೆ ನಮಗೆ ಸಣ್ಣ ಟ್ಯಾಂಕು ಸಾಕು, ಅಲ್ವಾ? ಫ್ರಾನ್ಸ್ ನಿನ್ನ ಪಟ್ಟಿಯಲ್ಲಿ ತೀರಾ ಕೆಳಗಿರುತ್ತದೆ. ಯಾಕೆಂದರೆ ಅಲ್ಲಿ ಮೂರರಲ್ಲಿ ಎರಡು ಭಾಗ ಅಣುವಿದ್ಯುತ್ತು, ಅದನ್ನು ನವೀಕರಿಸಬಹುದಾದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಅವರು ಕಲ್ಲಿದ್ದಲು ಸುಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜರ್ಮನಿಯವರು 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ಅಣುಸ್ಥಾವರ ಮುಚ್ಚಿದರು, ಕಲ್ಲಿದ್ದಲು ಮಾತ್ರ ಇನ್ನೂ ಸುಡುತ್ತಿದ್ದಾರೆ. ನನ್ನ ಕೇಳಿದರೆ ಅದು ಹಿಂದುಮುಂದಾಯಿತು. ಜೊತೆಗೆ ಈ ಶೇಕಡಾವಾರು ಬರೀ ಕರೆಂಟಿನದು ಕಣವ್ವ. ಅಲ್ಲಿಯ ಕಾರಿನ ಪೆಟ್ರೋಲು, ಚಳಿಗಾಲಕ್ಕೆ ಮನೆ ಕಾಯಿಸುವ ಗ್ಯಾಸು ಎಲ್ಲ ಸೇರಿಸಿ ನೋಡಿದರೆ ಜರ್ಮನಿಯ ಅರ್ಧ ಐದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ನೂರಕ್ಕೆ ನೂರರ ಕಥೆ ಬೇಕಿದ್ದರೆ ನಮ್ಮ ಬ್ಲಫ್ ನೋಡು, ಅದೇ ಶಿವನಸಮುದ್ರದ ಕರೆಂಟು ಮನೆ. ಅಲ್ಲಿ 1902ರಲ್ಲಿ ಕರೆಂಟು ಶುರುವಾದಾಗ ಅದರಲ್ಲಿ ಒಂದು ಚೂರು ಕಲ್ಲಿದ್ದಲಿರಲಿಲ್ಲ, ಪೂರ್ತಿ ಕಾವೇರಿ ನೀರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹಾಕಿದ ಯೋಜನೆ ಅದು. ಆ ಕರೆಂಟು ಹೋದದ್ದೆಲ್ಲಿಗೆ? 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ ಇನ್ನೂ ಆಮೇಲೆ. ತಂತಿಯ ಕೆಳಗೇ ಗದ್ದೆ ಉಳುತ್ತಿದ್ದ ನಮ್ಮ ತಾತ ಸೀಮೆಎಣ್ಣೆ ಬುಡ್ಡಿಯಲ್ಲೇ ಜೀವನ ಮುಗಿಸಿದರು. ಐಸ್‌ಲೆಂಡಿನಲ್ಲಿ ಇವತ್ತಿಗೂ ಹೆಚ್ಚುಕಡಿಮೆ ನೂರಕ್ಕೆ ನೂರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಯುಮಿನಿಯಂ ಕಾರ್ಖಾನೆಗಳ ಪಾಲು.

ಇನ್ನೊಂದು ಸಂಗತಿ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಬ್ಲಫ್‌ನ ಯಂತ್ರ ನಿಧಾನವಾಗುತ್ತಿತ್ತು, ಗಣಿಯವರಿಗೆ ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿಗೆ ಕಟ್ಟೆ ಹಾಕಲು ಶುರುಮಾಡಿದ್ದಕ್ಕೆ ಅದೂ ಒಂದು ಕಾರಣ. ನಾವು ಕನ್ನಂಬಾಡಿ ಅಂದರೆ ಕಬ್ಬು, ಭತ್ತ, ನಾಲೆ ಅಂದುಕೊಳ್ಳುತ್ತೇವೆ. ಕರೆಂಟಿನವರಿಗೆ ಅದು ಒಂದು ದೊಡ್ಡ ಬ್ಯಾಟರಿ. ಇದ್ದಾಗ ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುವುದು, ನೂರು ವರ್ಷದ ಹಿಂದೆಯೂ ಕಷ್ಟ ಅದೇ, ಈಗಲೂ ಅದೇ.

ನನ್ನ ಮನೆ ಕಥೆ ನಿನಗೆ ಗೊತ್ತೇ ಇದೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಹಾಕಿದವರು ಎರಡು ಪ್ಯಾನೆಲ್ಲನ್ನು ತೆಂಗಿನ ಗರಿಯ ನೆರಳಿಗೇ ಕೂರಿಸಿ ಹೋದರು. ನಾನಾದರೂ ನೋಡಬೇಡವೇ? ಅವರಿಗೆ ಕಾಫಿ ತರಲು ಒಳಗೆ ಹೋಗಿದ್ದೆ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮಾರ್ಚಿನಲ್ಲಿ ದಿನಕ್ಕೆ 12 ಯೂನಿಟ್ ಬಂದದ್ದು ಜುಲೈ ಮೋಡಕ್ಕೆ 5ಕ್ಕೆ ಇಳಿಯಿತು. ಸಂಜೆ ಏಳರ ಮೇಲೆ ಸೊನ್ನೆ. ಊರಲ್ಲಿ ಕರೆಂಟು ಹೋದರೆ ಮಟಮಟ ಮಧ್ಯಾಹ್ನವೂ ಸೊನ್ನೆಯೇ. ನಿಮ್ಮತ್ತೆ ಬೈದದ್ದೇ ಬೈದದ್ದು. 'ಮನೆ ಮೇಲೆ ಇಷ್ಟು ದುಡ್ಡು ಸುರಿದು ಫ್ಯಾನಿಲ್ಲದೆ ಕೂರಬೇಕಾ?' ಲೈನ್ ಸತ್ತಾಗ ನಮ್ಮ ಪ್ಯಾನೆಲ್ಲಿನಿಂದ ಕರೆಂಟು ಹರಿದರೆ ಕಂಬ ಹತ್ತಿದ ಹುಡುಗನ ಪ್ರಾಣ ಹೋಗುತ್ತೆ ಕಣೇ, ಅದಕ್ಕೆ ಅದೇ ಆಫ್ ಆಗುತ್ತೆ ಅಂದೆ. ಆಮೇಲೆ ಸುಮ್ಮನಾದಳು, ಬೀಸಣಿಗೆ ಮಾತ್ರ ನನ್ನ ಕಡೆ ಬೀಸಲಿಲ್ಲ.

3 ಕಿಲೋವ್ಯಾಟ್ ಅನ್ನುವುದು ಬೇರೆ, ಬಂದ ಯೂನಿಟ್ ಬೇರೆ. 2025ರಲ್ಲಿ ನಮ್ಮ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದರೆ ಯಂತ್ರವೆಲ್ಲ ಪೂರ್ತಿ ಓಡಿದರೆ ಬರಬಹುದಾದದ್ದರಲ್ಲಿ, ಅರ್ಧ ಕಲ್ಲಿದ್ದಲು, ಗ್ಯಾಸು ಇಲ್ಲದ್ದು ಅಂತ ಪೇಪರಿನಲ್ಲಿ ಬಂತಲ್ಲ, ಅದರ ಲೆಕ್ಕವೂ ಇದೇ. ನಿಜವಾಗಿ ಉತ್ಪಾದನೆಯಾದ ಯೂನಿಟ್‌ನಲ್ಲಿ ಅದರ ಪಾಲು ಸುಮಾರು ಕಾಲು ಭಾಗ.

ಇಷ್ಟೆಲ್ಲ ಹೇಳಿದ್ದು ನಿನ್ನನ್ನು ತಡೆಯಲು ಅಲ್ಲ. ಹೋಗು. ಆದರೆ ಪ್ಯಾನೆಲ್ ಓದಲು ಹೋಗಬೇಡ, ಗ್ರಿಡ್ ಓದಲು ಹೋಗು, ಅಂದರೆ ಎಲ್ಲ ಕರೆಂಟನ್ನೂ ಒಟ್ಟು ಸೇರಿಸಿ ಹಂಚುವ ತಂತಿಜಾಲ. ಪ್ಯಾನೆಲ್ಲಿನ ಬೆಲೆ ಮೊದಲಿಗಿಂತ ಬಹಳ ಇಳಿದಿದೆ, ಅದು ಯಾರು ಬೇಕಾದರೂ ತಂದು ಹಾಕುವ ಸಾಮಾನು. ನೂರಾರು ಕಡೆಯಿಂದ ಬರುವ ಕರೆಂಟನ್ನು 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಆವರ್ತದ ಒಂದೇ ಲಯದಲ್ಲಿ ನಿಲ್ಲಿಸುವುದಿದೆಯಲ್ಲ, ಅದಕ್ಕೆ ಜನ ಬೇಕು. ನಾನು ನೈಟ್ ಶಿಫ್ಟಿನಲ್ಲಿ ಆ ಹರ್ಟ್ಸ್ ಮೀಟರಿನ ಮುಳ್ಳು ನೋಡುತ್ತಾ ಎಷ್ಟು ರಾತ್ರಿ ಕಳೆದಿದ್ದೇನೋ. 49ರ ಕಡೆ ಜಾರಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತಿತ್ತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಮಧ್ಯಾಹ್ನದ ಹೊತ್ತಿಗೇ ಕತ್ತಲಾದವು. ಸೋಲಾರ್ ಜಾಸ್ತಿಯಾಗಿದ್ದಕ್ಕೇ ಹೀಗಾಯಿತು ಅಂದರು ಎಲ್ಲರೂ. ತನಿಖೆಯಲ್ಲಿ ಹೊರಬಂದದ್ದು ಬೇರೆ. ವೋಲ್ಟೇಜ್ ಏರುತ್ತಾ ಹೋಯಿತು, ಅದನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ಆ ಹಿಡಿಯುವ ಕೆಲಸ ಕಲಿತು ಬಾ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇಟ್ಟುಕೊಂಡು ಸಂಜೆ ಆರಕ್ಕೆ ಏನು ಮಾಡೋಣ ಅಂತ ಕೇಳುವ ರಾಜ್ಯಕ್ಕೆ ಅದು ಬೇಕು.

ದುಡ್ಡಿನ ವಿಷಯ. ನಾಲೆ ಪಕ್ಕದ ಗದ್ದೆ ಅಡ ಇಡುವ ಮಾತು ಭಾವನ ಬಾಯಲ್ಲಿ ಬಂತು. ಬೇಡ ಅನ್ನು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವೇ ಇಲ್ಲವಂತಲ್ಲ, ಮತ್ತೆ ಆ ಏಜೆಂಟು ಕೇಳುತ್ತಿರುವ ಲಕ್ಷಗಳು ಯಾತಕ್ಕೆ? ಊಟ, ರೂಮಿನ ಖರ್ಚಿಗೆ ನನ್ನ ಪಿಂಚಣಿಯ ಎಫ್‌ಡಿ ಒಂದಿದೆ. ನಿಮ್ಮತ್ತೆಗೂ ಹೇಳಿದ್ದೇನೆ.

ಭಾನುವಾರ ತೆಂಗಿನ ಗರಿ ಕಡಿಯಲು ಆಳು ಬರುತ್ತಾನೆ. ನೀನೂ ಬಾ, ನೋಟ್‌ಬುಕ್ ಕೊಡುತ್ತೇನೆ. ಆ ಎರಡು ಪ್ಯಾನೆಲ್ಲಿಗೆ ಬಿಸಿಲು ಬಿದ್ದ ಮೇಲೆ ದಿನಕ್ಕೆ ಎಷ್ಟು ಯೂನಿಟ್ ಜಾಸ್ತಿಯಾಯಿತು ಅಂತ ನೀನೇ ಲೆಕ್ಕ ಹಾಕು.

ನಿನ್ನ ಮಾವ